ರಗ್ಬಿ ಲೀಗ್ ಆಟಗಾರನ ವೃತ್ತಿ: ಒಂದು ಸಂಜೆಯ ಲೆಕ್ಕವಲ್ಲ

ಕೇಳುಗರಿಗೆ ನಮಸ್ಕಾರ. ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ರಗ್ಬಿ ಲೀಗ್ ವೃತ್ತಿಯ ಏರಿಳಿತಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಈ ಬಾನುಲಿಯವರು ನನ್ನನ್ನು ಕರೆದಿದ್ದಾರೆ. ನಾನು ಫಿಸಿಯೋಥೆರಪಿಸ್ಟ್, ಆಟಗಾರರ ಭುಜ, ಮೊಣಕಾಲು, ಪಾದದ ಕೀಲು ಇವೇ ನನ್ನ ದಿನನಿತ್ಯದ ಕೆಲಸ. ಶಾಲೆಯಿಂದ ಬಂದ ಮಗ ಬ್ರಿಸ್ಬೇನ್ ನಗರದ ಬ್ರಾಂಕೋಸ್ ತಂಡದ ಜರ್ಸಿ ಬೇಕೇ ಬೇಕೆಂದು ಹಟ ಹಿಡಿದಾಗ ಏನು ಹೇಳಬೇಕೆಂದು ತೋಚದ ತಂದೆತಾಯಿಯರು, ಊರಿನಿಂದ ಆರು ತಿಂಗಳಿಗೆಂದು ಬಂದು ಟೀವಿಯ ಮುಂದೆ ಕುಳಿತು "ಇದು ಆಟವೋ ಹೊಡೆದಾಟವೋ" ಎಂದು ಕೇಳುವ ಅಜ್ಜ ಅಜ್ಜಿಯರು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಮಾತನಾಡುತ್ತಿದ್ದೇನೆ.

ಅಜ್ಜನವರಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕಬಡ್ಡಿ ನೋಡಿ ಬೆಳೆದವರಿಗೆ ಈ ಆಟ ಹೊಸದಲ್ಲ, ಏಕೆಂದರೆ ಇಲ್ಲಿಯೂ ಒಬ್ಬ ನುಗ್ಗುತ್ತಾನೆ, ಮೂವರು ಸೇರಿ ಅವನನ್ನು ಹಿಡಿದು ಕೆಡವುತ್ತಾರೆ. ವ್ಯತ್ಯಾಸವೆಂದರೆ ನುಗ್ಗುವವನ ಕೈಯಲ್ಲಿ ಚೆಂಡಿರುತ್ತದೆ. ತಂಡಕ್ಕೆ 13 ಮಂದಿ, ಆಟ 80 ನಿಮಿಷ. ಆರು ಸಲ ಕೆಡವಿಸಿಕೊಂಡರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ, ಅದಕ್ಕೆ ನಾಲ್ಕು ಅಂಕ. ಅದರ ಹಿಂದೆಯೇ ಕಂಬಗಳ ನಡುವೆ ಒದೆಯುವ ಕನ್ವರ್ಷನ್‌ಗೆ ಎರಡು. ಆಟದ ನಡುವೆ ಒದ್ದು ಗಳಿಸುವ ಫೀಲ್ಡ್ ಗೋಲಿಗೆ ಸಾಮಾನ್ಯವಾಗಿ ಒಂದು. ಇಷ್ಟು ತಿಳಿದಿದ್ದರೆ ಇಂದಿನ ಮಾತಿಗೆ ಸಾಕು.

ನಾನು ಇಂದು ಹೇಳಬೇಕಾದದ್ದು ಒಂದೇ ಸಂಗತಿ. ರಗ್ಬಿ ಲೀಗ್‌ನಲ್ಲಿ ಒಂದು ಸಂಜೆಯ ಲೆಕ್ಕ ಬೇರೆ, ವೃತ್ತಿಯ ಲೆಕ್ಕ ಬೇರೆ. ಪತ್ರಿಕೆಯವರು ಸೋಮವಾರ ಬೆಳಿಗ್ಗೆ ಆಟಗಾರರಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ. ಅದನ್ನು ಓದಿ ಒಬ್ಬನನ್ನು ಮುಗಿದುಹೋದವನೆಂದೂ ಇನ್ನೊಬ್ಬನನ್ನು ದೇವರೆಂದೂ ತೀರ್ಮಾನಿಸುವವರನ್ನು ಕಂಡರೆ, ಕ್ಷಮಿಸಿ, ನನಗೆ ತಾಳ್ಮೆ ಉಳಿಯುವುದಿಲ್ಲ.

ಬೆನ್ ಹಂಟ್ ಅವರ ಕಥೆಯನ್ನು ಹೇಳಿದರೆ ಇದು ಸ್ಪಷ್ಟವಾಗುತ್ತದೆ. ಈ ಕಥೆ ನನಗೆ ಬಲು ಪ್ರಿಯವಾದದ್ದು, ಆದ್ದರಿಂದ ಕೊಂಚ ವಿಸ್ತಾರವಾಗಿಯೇ ಹೇಳುತ್ತೇನೆ.

ಹಂಟ್ ಕ್ವೀನ್ಸ್‌ಲ್ಯಾಂಡಿನ ರಾಕ್‌ಹ್ಯಾಂಪ್ಟನ್‌ನಲ್ಲಿ 1990ರಲ್ಲಿ ಹುಟ್ಟಿದವರು. 2009ರಲ್ಲಿ ಬ್ರಿಸ್ಬೇನ್ ಬ್ರಾಂಕೋಸ್ ತಂಡದಲ್ಲಿ ಮೊದಲ ಪಂದ್ಯವಾಡಿದರು. ಅವರದು ಹಾಫ್‌ಬ್ಯಾಕ್ ಸ್ಥಾನ, ಅಂದರೆ ತಂಡದ ಆಟವನ್ನು ನಡೆಸುವವನ ಸ್ಥಾನ. 2015ರ ಅಕ್ಟೋಬರ್ 4ರಂದು ಸಿಡ್ನಿಯ ಒಲಿಂಪಿಕ್ ಕ್ರೀಡಾಂಗಣದಲ್ಲಿ ನಡೆದ, ಎನ್‌ಆರ್‌ಎಲ್ ಎಂಬ ಇಲ್ಲಿನ ಮುಖ್ಯ ಕ್ಲಬ್ ಪಂದ್ಯಾವಳಿಯ ಫೈನಲ್‌ನಲ್ಲಿ ಬ್ರಾಂಕೋಸ್‌ಗೆ ಎದುರಾಗಿದ್ದವರು ಅದೇ ರಾಜ್ಯದ ಉತ್ತರ ಭಾಗದ ಟೌನ್ಸ್‌ವಿಲ್ ನಗರದ ಕೌಬಾಯ್ಸ್. ಅವರು ಅಲ್ಲಿಯವರೆಗೆ ಒಂದು ಸಲವೂ ಪ್ರಶಸ್ತಿ ಗೆದ್ದವರಲ್ಲ. ಕೊನೆಯ ಗಳಿಗೆಯವರೆಗೂ ಬ್ರಾಂಕೋಸ್ 16–12ರಿಂದ ಮುಂದಿದ್ದರು. ಅವಧಿ ಮುಗಿದ ಸೈರನ್ ಮೊಳಗುತ್ತಿದ್ದಂತೆಯೇ ಕೌಬಾಯ್ಸ್‌ನ ಮೈಕೆಲ್ ಮಾರ್ಗನ್ ಬಲಬದಿಯಲ್ಲಿ ನುಗ್ಗಿ, ಬೀಳುವ ಹೊತ್ತಿನಲ್ಲಿ ಚೆಂಡನ್ನು ಕೈಮಣಿಕಟ್ಟಿನಿಂದಲೇ ಚಿಮ್ಮಿಸಿದರು. ಕೈಲ್ ಫೆಲ್ಟ್ ಅದನ್ನು ಹಿಡಿದು ಮೂಲೆಯಲ್ಲಿ ಟ್ರೈ ಮಾಡಿದರು. ಅಂಕ 16–16. ಈಗ ಕನ್ವರ್ಷನ್ ಒಂದು ಬಿದ್ದರೆ ಕೌಬಾಯ್ಸ್ ಚಾಂಪಿಯನ್. ಒದೆಯಬೇಕಾದವರು ಜೊನಾಥನ್ ಥರ್ಸ್ಟನ್, ಆ ಕಾಲದ ಅತ್ಯುತ್ತಮ ಆಟಗಾರ. ಬಲ ಅಂಚಿನ ಗೆರೆಯ ಬಳಿಯಿಂದ ಅವರು ಒದ್ದ ಚೆಂಡು ಕಂಬಕ್ಕೆ ಬಡಿದು ಆಚೆ ಸಿಡಿಯಿತು.

ಆಟ ಗೋಲ್ಡನ್ ಪಾಯಿಂಟ್‌ಗೆ ಹೋಯಿತು, ಅಂದರೆ ಇನ್ನು ಯಾರು ಮೊದಲು ಅಂಕ ಗಳಿಸುತ್ತಾರೋ ಅವರದೇ ಗೆಲುವು. ಕೌಬಾಯ್ಸ್ ಚೆಂಡನ್ನು ಎತ್ತರಕ್ಕೆ ಒದ್ದು ಆಟ ಆರಂಭಿಸಿದರು. ಅದರ ಕೆಳಗೆ ನಿಂತಿದ್ದವರು ಬೆನ್ ಹಂಟ್.

ಇಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ಇಂಥ ಚೆಂಡನ್ನು ಹಿಡಿಯುವುದನ್ನು ಎಂಟು ವರ್ಷದ ಮಕ್ಕಳಿಗೂ ಕಲಿಸುತ್ತಾರೆ: ಮೊಣಕೈಗಳನ್ನು ಒಂದಕ್ಕೊಂದು ಹತ್ತಿರ ತರಬೇಕು, ಚೆಂಡು ಎದೆಗೆ ಬರುವಾಗ ಮುಂಗೈಗಳು ಅದರ ಅಡಿಯಲ್ಲಿರಬೇಕು, ಓಡಿಬರುವ ಎದುರಾಳಿಗಳ ಕಡೆಗೆ ಕಣ್ಣು ಹಾಯಿಸಕೂಡದು. ಆದರೆ 80 ನಿಮಿಷ ಜನರನ್ನು ಕೆಡವಿ, ತಾನೂ ಬಿದ್ದು ಎದ್ದ ದೇಹದಲ್ಲಿ ಮುಂಗೈಯ ಸ್ನಾಯುಗಳು ಮರದಂತಾಗಿರುತ್ತವೆ, ಬೆರಳುಗಳು ಹೇಳಿದ ಮಾತು ಕೇಳುವುದಿಲ್ಲ. ಪಂದ್ಯ ಮುಗಿಸಿ ಬಂದ ಆಟಗಾರರು ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಒದ್ದಾಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅಂಥ ಕೈಗಳಿಗೆ, 82,000ಕ್ಕೂ ಹೆಚ್ಚು ಜನ ಕೂಗುತ್ತಿರುವಾಗ, ಅಂಡಾಕಾರದ ಚೆಂಡೊಂದು ಆಕಾಶದಿಂದ ಇಳಿಯಿತು. ಅದು ಹಂಟ್ ಅವರ ಕೈಯಿಂದ ಜಾರಿ ಮುಂದಕ್ಕೆ ಬಿತ್ತು.

ಚೆಂಡು ಕೌಬಾಯ್ಸ್ ಪಾಲಾಯಿತು. ಕೆಲವೇ ಕ್ಷಣಗಳಲ್ಲಿ ಥರ್ಸ್ಟನ್ ಫೀಲ್ಡ್ ಗೋಲ್ ಒದ್ದರು. 17–16. ಹಂಟ್ ಹುಲ್ಲಿನ ಮೇಲೆ ಕುಸಿದರು, ಕ್ಯಾಮೆರಾಗಳು ಅವರ ಮೇಲೆಯೇ ನಿಂತವು. ಆ ಪಂದ್ಯದಲ್ಲಿ ಅವರು ಅದಕ್ಕೆ ಮೊದಲು ಏನೇನು ಮಾಡಿದ್ದರೆಂಬುದು ಯಾರ ನೆನಪಿನಲ್ಲಿಯೂ ಉಳಿಯಲಿಲ್ಲ. ಎಷ್ಟೋ ವರ್ಷ ಅವರ ಹೆಸರೆಂದರೆ ಜನರಿಗೆ ಆ ಒಂದು ಕ್ಯಾಚ್ ಮಾತ್ರ. ಒಂದು ಸಂಜೆಯ ಲೆಕ್ಕವೆಂದು ನಾನು ಹೇಳಿದ್ದು ಇದನ್ನೇ.

ಮುಂದೆ ನಡೆದದ್ದನ್ನು ಕೇಳಿ. 2017ರ ಹಂಗಾಮು ಶುರುವಾಗುವ ಮೊದಲೇ ಹಂಟ್ ಮುಂದಿನ ವರ್ಷದಿಂದ ಸೇಂಟ್ ಜಾರ್ಜ್ ಇಲ್ಲವಾರಾ ಡ್ರ್ಯಾಗನ್ಸ್ ಸೇರುವ ಐದು ವರ್ಷಗಳ ಕರಾರಿಗೆ ಸಹಿ ಹಾಕಿದ್ದರು. ಆ ಕರಾರು ಸುಮಾರು 60 ಲಕ್ಷ ಡಾಲರ್‌ನದೆಂದು ಪತ್ರಿಕೆಗಳು ಬರೆದವು. ನಮ್ಮ ಕಡೆಯವರಿಗೆ ಇದು ವಿಚಿತ್ರವೆನಿಸಬಹುದು, ಆದರೆ ಈ ಆಟದಲ್ಲಿ ಇದು ಮಾಮೂಲು: ಮುಂದಿನ ವರ್ಷ ಎದುರಾಳಿಯಾಗುವ ಕ್ಲಬ್ಬಿಗೆ ಮಾತು ಕೊಟ್ಟಾದ ಮೇಲೆಯೂ ಇಡೀ ಒಂದು ವರ್ಷ ಹಳೆಯ ಕ್ಲಬ್ಬಿನ ಜರ್ಸಿ ತೊಟ್ಟು ಆಡಬೇಕು. ಅದೇ ವರ್ಷ ಬ್ರಾಂಕೋಸ್ ಅವರನ್ನು ಕೈಬಿಟ್ಟು ಎರಡನೆಯ ದರ್ಜೆಯ ಪಂದ್ಯಗಳಿಗೆ ಕಳುಹಿಸಿತು. ಲಕ್ಷಾಂತರ ಡಾಲರ್ ಕರಾರು ಕೈಯಲ್ಲಿದ್ದ ಆಟಗಾರ, ಉಪನಗರದ ಮೈದಾನಗಳಲ್ಲಿ, ಹಗಲು ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುವವರ ಜೊತೆ ಆಡಬೇಕಾಯಿತು. ಅದೇ ವರ್ಷದ ಜುಲೈನಲ್ಲಿ ಅವರು ಸ್ಟೇಟ್ ಆಫ್ ಒರಿಜಿನ್‌ನಲ್ಲಿ ಕ್ವೀನ್ಸ್‌ಲ್ಯಾಂಡ್ ಪರವಾಗಿ ಮೊದಲ ಬಾರಿ ಕಣಕ್ಕಿಳಿದರು. ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವಿನ ಈ ಮೂರು ಪಂದ್ಯಗಳ ಸರಣಿಗಿಂತ ದೊಡ್ಡ ಗೌರವ ಇಲ್ಲಿನ ಆಟಗಾರನಿಗೆ ಇನ್ನೊಂದಿಲ್ಲ. ಬೀಳುವುದು, ಏಳುವುದು ಎರಡೂ ಒಂದೇ ಹಂಗಾಮಿನಲ್ಲಿ ನಡೆದವು.

ಡ್ರ್ಯಾಗನ್ಸ್‌ನಲ್ಲಿ ಅವರು ಏಳು ವರ್ಷ ದುಡಿದರು. ಪ್ರಶಸ್ತಿ ಒಂದೂ ಬರಲಿಲ್ಲ. ದೊಡ್ಡ ಸಂಬಳದವರು ಸೋತಾಗ ಬೈಗುಳವೂ ದೊಡ್ಡದಾಗಿಯೇ ಬರುತ್ತದೆ, ಅವರೂ ಅದನ್ನು ಸಾಕಷ್ಟು ಕೇಳಿಸಿಕೊಂಡರು. ಆದರೆ 2022ರ ಜುಲೈ 13ರಂದು, ಬ್ರಿಸ್ಬೇನ್‌ನಲ್ಲಿ ಒರಿಜಿನ್ ಸರಣಿಯ ನಿರ್ಣಾಯಕ ಪಂದ್ಯದ ಕೊನೆಯ ನಿಮಿಷಗಳಲ್ಲಿ, ನ್ಯೂ ಸೌತ್ ವೇಲ್ಸ್‌ನ ನೇಥನ್ ಕ್ಲಿಯರಿ ಒದ್ದ ಚೆಂಡನ್ನು ಹಂಟ್ ತಡೆದು, ಹಿಡಿದು, ಮೈದಾನದ ಉದ್ದಕ್ಕೂ ಓಡಿ ಟ್ರೈ ಮಾಡಿದರು. ಕ್ವೀನ್ಸ್‌ಲ್ಯಾಂಡ್ 22–12ರಿಂದ ಗೆದ್ದು ಸರಣಿಯನ್ನು ತನ್ನದಾಗಿಸಿಕೊಂಡಿತು. ಏಳು ವರ್ಷ ಕೈಯನ್ನೇ ಬೈದಿದ್ದ ಜನ ಆ ರಾತ್ರಿ ಅದೇ ಕೈಯನ್ನು ಹೊಗಳಿದರು. ಅದೂ ಒಂದು ಸಂಜೆಯ ಲೆಕ್ಕವೇ ಎಂಬುದನ್ನು ಮರೆಯಬೇಡಿ.

2024ರಲ್ಲಿ ಡ್ರ್ಯಾಗನ್ಸ್‌ನಿಂದ ಬಿಡುಗಡೆ ಪಡೆದ ಹಂಟ್ 2025ಕ್ಕೆ ಬ್ರಾಂಕೋಸ್‌ಗೆ ಮರಳಿದರು. ವಯಸ್ಸು 35. ಈ ವಯಸ್ಸಿನಲ್ಲಿ ಬಹುತೇಕ ಆಟಗಾರರು ಮೊಣಕಾಲಿಗೆ ಐಸ್ ಕಟ್ಟಿಕೊಂಡು ಟೀವಿಯಲ್ಲಿ ವೀಕ್ಷಕ ವಿವರಣೆ ಕೊಡುತ್ತಿರುತ್ತಾರೆ. ಅಕ್ಟೋಬರ್ 5ರಂದು, ಚೆಂಡು ಕೈಜಾರಿದ್ದ ಅದೇ ಕ್ರೀಡಾಂಗಣದಲ್ಲಿ, ಬ್ರಾಂಕೋಸ್ ಮೆಲ್ಬರ್ನ್ ಸ್ಟಾರ್ಮ್ ವಿರುದ್ಧ ಅರ್ಧ ಸಮಯಕ್ಕೆ 12–22ರಿಂದ ಹಿಂದಿದ್ದು, ಕೊನೆಗೆ 26–22ರಿಂದ ಗೆದ್ದಿತು. 2006ರ ನಂತರ ಆ ಕ್ಲಬ್ಬಿಗೆ ದೊರೆತ ಮೊದಲ ಪ್ರಶಸ್ತಿ ಅದು. ಹಂಟ್ ಅವರಿಗೆ ಜೀವಮಾನದಲ್ಲಿಯೇ ಮೊದಲನೆಯದು. 2015ರಲ್ಲಿ ಅವರನ್ನು ಮುಗಿಸಿಬಿಟ್ಟಿದ್ದ ಪಂಡಿತರಲ್ಲಿ ಕೆಲವರು ಆ ರಾತ್ರಿ ಟೀವಿಯಲ್ಲಿ ಎಷ್ಟು ಸರಾಗವಾಗಿ ಮಾತು ಬದಲಿಸಿದರೆಂದರೆ, ನಾನು ಧ್ವನಿ ಆರಿಸಿ ಚಿತ್ರ ಮಾತ್ರ ನೋಡಿದೆ.

ಹಾಗಾದರೆ ಗೆದ್ದವರ ಕಥೆ ಏನು? ಥರ್ಸ್ಟನ್ ಅವರನ್ನು ಎಳೆಯ ವಯಸ್ಸಿನಲ್ಲಿ ಮೈಕಟ್ಟು ಸಣ್ಣದೆಂದು ಕ್ಲಬ್ಬಿನ ಮೇಲೆ ಕ್ಲಬ್ಬು ಬೇಡವೆಂದಿತ್ತು. 2004ರಲ್ಲಿ ಬುಲ್‌ಡಾಗ್ಸ್ ಪರವಾಗಿ ಪ್ರಶಸ್ತಿ ಗೆದ್ದಾಗ, ಗಾಯದಿಂದ ಫೈನಲ್ ಆಡಲಾಗದ ನಾಯಕ ಸ್ಟೀವ್ ಪ್ರೈಸ್ ಅವರಿಗೆ ಗೆದ್ದ ಆಟಗಾರರಿಗೆ ಸಿಗುವ ತಮ್ಮ ಉಂಗುರವನ್ನೇ ಕೊಟ್ಟರು. ಇನ್ನೊಂದು ಉಂಗುರಕ್ಕೆ ಹನ್ನೊಂದು ವರ್ಷ ಕಾಯಬೇಕಾಯಿತು. 2017ರ ಜೂನ್‌ನಲ್ಲಿ ಒರಿಜಿನ್ ಪಂದ್ಯದ ನಡುವೆ ಅವರ ಭುಜಕ್ಕೆ ತೀವ್ರ ಪೆಟ್ಟಾಯಿತು. ಅಂಥ ಭುಜವಿರುವವರಿಗೆ ಷರ್ಟಿನ ತೋಳಿಗೆ ಕೈ ತೂರಿಸುವುದೂ ಕಷ್ಟ. ಅದೇ ಸ್ಥಿತಿಯಲ್ಲಿ ಅವರು ಅಂಚಿನಿಂದ ಕನ್ವರ್ಷನ್ ಒದ್ದು ಕ್ವೀನ್ಸ್‌ಲ್ಯಾಂಡನ್ನು 18–16ರಿಂದ ಗೆಲ್ಲಿಸಿದರು. ಮೈದಾನ ಅದೇ, ಈ ಬಾರಿ ಕಂಬ ಅಡ್ಡ ಬರಲಿಲ್ಲ. ಅದು ಅವರ ಕೊನೆಯ ಒರಿಜಿನ್ ಪಂದ್ಯವಾಯಿತು, ಮರುವರ್ಷ ನಿವೃತ್ತರಾದರು. 2015ರಲ್ಲಿ ಕೌಬಾಯ್ಸ್ ತರಬೇತುದಾರರಾಗಿದ್ದ ಪಾಲ್ ಗ್ರೀನ್, ಸ್ವತಃ ಹಳೆಯ ಹಾಫ್‌ಬ್ಯಾಕ್, 2022ರಲ್ಲಿ 49ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮಿದುಳನ್ನು ಪರೀಕ್ಷಿಸಿದಾಗ, ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಕಾಣುವ ಸಿಟಿಇ ಎಂಬ ಕಾಯಿಲೆ ತೀವ್ರವಾಗಿರುವುದು ತಿಳಿಯಿತು, ಕುಟುಂಬದವರು ಅದನ್ನು ಬಹಿರಂಗಪಡಿಸಿದರು. ಆಸ್ಟ್ರೇಲಿಯಾ ತಂಡದ ನಾಯಕರಾಗಿದ್ದ ಬಾಯ್ಡ್ ಕಾರ್ಡ್ನರ್ ತಲೆಯ ಪೆಟ್ಟುಗಳ ಕಾರಣದಿಂದಲೇ 2021ರಲ್ಲಿ, ಮೂವತ್ತು ತುಂಬುವ ಮೊದಲೇ, ಆಟ ಬಿಟ್ಟರು. 2023ರಿಂದ ಕನ್ಕಷನ್, ಅಂದರೆ ಪೆಟ್ಟಿನಿಂದ ಮಿದುಳಿಗೆ ಆಘಾತ, ಆದ ಆಟಗಾರನನ್ನು ಸಾಮಾನ್ಯವಾಗಿ 11 ದಿನ ಹೊರಗಿಡುವ ನಿಯಮವಿದೆ. ನಿಮ್ಮ ಮಗನಿಗೆ ತಲೆಗೆ ಪೆಟ್ಟು ಬಿದ್ದಾಗ "ನಾಳೆ ಸರಿಹೋಗುತ್ತದೆ" ಎಂದು ಯಾರಾದರೂ ಹೇಳಿದರೆ ದಯವಿಟ್ಟು ಅವರ ಮಾತು ಕೇಳಬೇಡಿ, ವೈದ್ಯರ ಬಳಿ ಹೋಗಿ.

ನನಗೆ ಕೊಟ್ಟಿದ್ದ ಅವಧಿಯ ಬಹುಪಾಲು ಹಂಟ್ ಅವರಿಗೇ ಹೋಯಿತು, ಹೋಗಲಿ. ಹಣದ ವಿಷಯವನ್ನು ಬೇಗನೆ ಹೇಳಿಬಿಡುತ್ತೇನೆ. ಎನ್‌ಆರ್‌ಎಲ್‌ನಲ್ಲಿ ಪ್ರತಿ ಕ್ಲಬ್ಬಿನ ಒಟ್ಟು ಸಂಬಳಕ್ಕೆ ಸ್ಯಾಲರಿ ಕ್ಯಾಪ್ ಎಂಬ ಮಿತಿಯಿದೆ. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆಯಾಗುತ್ತದೆ, ಆದ್ದರಿಂದ ಚೆನ್ನಾಗಿ ಆಡುತ್ತಿರುವವನನ್ನೂ ಕ್ಲಬ್ಬು ಬಿಟ್ಟುಕೊಡಬೇಕಾಗಬಹುದು. ಮಿತಿಯನ್ನು ಕದ್ದುಮುಚ್ಚಿ ಮೀರಿದ್ದಕ್ಕೆ 2010ರಲ್ಲಿ ಮೆಲ್ಬರ್ನ್ ಸ್ಟಾರ್ಮ್‌ನಿಂದ 2007 ಮತ್ತು 2009ರ ಪ್ರಶಸ್ತಿಗಳನ್ನೇ ಕಿತ್ತುಕೊಳ್ಳಲಾಯಿತು. ಬೆವರು ಸುರಿಸಿ ಗೆದ್ದ ಆಟಗಾರರ ಪಟ್ಟಿಯಿಂದ, ಲೆಕ್ಕಪತ್ರದ ತಪ್ಪಿಗಾಗಿ, ಎರಡು ಪ್ರಶಸ್ತಿಗಳು ಮಾಯವಾದವು. ಸೌತ್ ಸಿಡ್ನಿಯಲ್ಲಿ ಹತ್ತು ವರ್ಷ ಆಡಿದ್ದ ಆಡಮ್ ರೆನಾಲ್ಡ್ಸ್ ಅವರಿಗೆ ವಯಸ್ಸಿನ ನೆಪದಲ್ಲಿ ಆ ಕ್ಲಬ್ಬು ಒಂದೇ ವರ್ಷದ ಕರಾರು ಮುಂದಿಟ್ಟಿತು. ಅವರು 2022ರಿಂದ ಬ್ರಾಂಕೋಸ್‌ಗೆ ಬಂದರು. 2025ರಲ್ಲಿ ಗೆದ್ದ ತಂಡದ ನಾಯಕ ಅವರೇ.

ಸಂಬಳದ ಮಾತು ಈ ಆಟಕ್ಕೆ ಹುಟ್ಟಿನಿಂದಲೇ ಅಂಟಿಕೊಂಡದ್ದು. 1895ರ ಆಗಸ್ಟ್ 29ರಂದು ಉತ್ತರ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಕ್ಲಬ್ಬುಗಳ ಪ್ರತಿನಿಧಿಗಳು ಸೇರಿ ಹಳೆಯ ರಗ್ಬಿ ಯೂನಿಯನ್‌ನಿಂದ ಬೇರೆಯಾದದ್ದು, ಪಂದ್ಯಕ್ಕಾಗಿ ಗಣಿ ಮತ್ತು ಗಿರಣಿಯ ಕೆಲಸ ತಪ್ಪಿಸಿಕೊಂಡ ಆಟಗಾರರಿಗೆ ಆ ದಿನದ ಕೂಲಿ ಕೊಡುವ ವಿಚಾರಕ್ಕೆ. ಮೂರು ವರ್ಷಗಳ ಬಳಿಕ ಆಟಕ್ಕೇ ಹಣ ಕೊಡಲು ಒಪ್ಪಿದರು, ಆದರೆ ಆಟಗಾರ ಇನ್ನೊಂದು ಕಾಯಂ ಕೆಲಸದಲ್ಲಿ ಇರಲೇಬೇಕೆಂಬ ಷರತ್ತು ಹಾಕಿದರು. ಆ ಷರತ್ತು ಹೋಗಿ ನೂರು ವರ್ಷ ದಾಟಿತು. ನನ್ನನ್ನು ಕೇಳಿದರೆ, ಅದನ್ನು ಹಾಕಿದವರ ಉದ್ದೇಶ ಏನೇ ಇರಲಿ, ಆಟಗಾರನಿಗೆ ಅದು ಒಳ್ಳೆಯದೇ ಆಗಿತ್ತು.

ಮಗ ಅಥವಾ ಮಗಳು ನಿಜವಾಗಿಯೂ ಚೆನ್ನಾಗಿ ಆಡುತ್ತಿದ್ದು, ಕ್ಲಬ್ಬಿನವರು ಕರಾರಿನ ಕಾಗದ ಹಿಡಿದು ಮನೆಗೆ ಬಂದರೆ, ತಂದೆತಾಯಿಯರು ನನ್ನ ಬಳಿ ಬಂದು ಕೇಳುವ ಮೊದಲ ಪ್ರಶ್ನೆ "ವರ್ಷಕ್ಕೆ ಎಷ್ಟು ಸಿಗುತ್ತದೆ" ಎಂಬುದು. ಅದನ್ನು ಕೊನೆಗೆ ಕೇಳಿ. ಮೊದಲು, ಮೊಣಕಾಲು ಮುರಿದು ಒಂದು ಹಂಗಾಮು ಕುಳಿತರೆ ಕರಾರು ಏನಾಗುತ್ತದೆ ಎಂದು ಕೇಳಿ, ಕಾಗದವನ್ನು ವಕೀಲರಿಗೆ ತೋರಿಸಿ. ಕ್ಲಬ್ಬುಗಳಲ್ಲಿ ಆಟಗಾರರ ಓದು ಮತ್ತು ಕ್ಷೇಮವನ್ನು ನೋಡಿಕೊಳ್ಳುವ ಅಧಿಕಾರಿಗಳಿರುತ್ತಾರೆ. ಅವರನ್ನು ಭೇಟಿಯಾಗಿ, ವಾರದ ಯಾವ ದಿನಗಳಲ್ಲಿ ಮಗು ಕಾಲೇಜಿಗೋ ಕಸುಬು ಕಲಿಯುವುದಕ್ಕೋ ಹೋಗಬಹುದೆಂದು ಬರೆಸಿಕೊಳ್ಳಿ. ನಮಸ್ಕಾರ.