ಮೂರನೇ ನಂಬರಿನ ಎರಡು ಇಂಜಿನ್

ಈ ಹಸಿರು ಬೋರ್ಡ್ ನೋಡಿ. ಅಂಚೆ ಚೀಟಿಯಷ್ಟು ದೊಡ್ಡದು, ಅಷ್ಟೇ. ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಗುರುತು ಕಾಣ್ತಿದೆ ಅಲ್ವಾ? ಕ್ಯಾಮೆರಾ ಇನ್ನೂ ಹತ್ತಿರ ತರುತ್ತೇನೆ. ಹೊಗೆ ಬಂದದ್ದು ಅರ್ಧ ಸೆಕೆಂಡ್. ಕೆಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೂ ವಾಸನೆ ಮುಟ್ಟಿತು.

"ಮ್ಯಾಲ ಏನ್ ಸುಡ್ಲಿಕತ್ತೀಯೋ?"

"ಏನಿಲ್ಲವ್ವ, ವೈರ್."

ವೈರ್ ಅಲ್ಲ, ಡಿಕೋಡರ್, ಅಂದರೆ ಮಾಡೆಲ್ ರೈಲಿನ ಇಂಜಿನ್ ಒಳಗೆ ಕೂಡಿಸುವ ಸಣ್ಣ ಸರ್ಕ್ಯೂಟ್. ಅದರ ಬೆಲೆ ಅವ್ವನಿಗೆ ಇವತ್ತಿಗೂ ಗೊತ್ತಿಲ್ಲ. ಈ ವಿಡಿಯೋ ಅವರಿಗೆ ಯಾರೂ ತೋರಿಸಬೇಡಿ.

ಇದು ಕಲಬುರಗಿಯ ನಮ್ಮ ಮನೆಯ ಮಹಡಿ ಮೇಲಿನ ರೂಮ್. ಕೆಳಗೆ ಶಹಾಬಾದ್ ಪರಸಿ, ಅದರ ಮೇಲೆ ಎರಡು ಪ್ಲೈವುಡ್ ಹಲಗೆ, ಹಲಗೆ ಮೇಲೆ ನನ್ನ ಮಾಡೆಲ್ ರೈಲು. ಎಚ್‌ಒ ಸ್ಕೇಲ್, ಅಂದರೆ ನಿಜವಾದ ರೈಲಿನ 87ನೇ ಒಂದು ಪಾಲು. ಹಳಿಗಳ ನಡುವೆ 16.5 ಮಿಲಿಮೀಟರ್. ವಾಡಿಯಲ್ಲಿ ಗೂಡ್ಸ್ ಗಾಡಿ ಓಡಿಸಿ ರಿಟೈರ್ ಆದ ನಮ್ಮ ಕಾಕಾ ಮೊದಲ ದಿನ ಬಗ್ಗಿ ನೋಡಿದವರೇ, "ತಮ್ಮಾ, ಹಳಿ ಸಣ್ಣದಾಗ್ಯಾವ" ಅಂದರು. ಹೌದು. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19 ದಾಟುತ್ತದೆ. ಈ ಹಳಿ ಪರದೇಶದ ಗೇಜಿನ ಲೆಕ್ಕಕ್ಕೆ ಮಾಡಿದ್ದು. ಸ್ಕೇಲ್ ಇಟ್ಟು ಅಳೆಯದೆ, ಬರೀ ಕಣ್ಣಿನಲ್ಲಿ ಹಿಡಿದರು ಮನುಷ್ಯ.

ಇಷ್ಟು ದಿನ ಇದು ಡಿಸಿ ಕರೆಂಟಿನಲ್ಲಿ ಓಡುತ್ತಿತ್ತು. ಗುಂಡಿ ತಿರುಗಿಸಿದರೆ ಹಳಿಯಲ್ಲಿ ವೋಲ್ಟೇಜ್ ಏರುತ್ತದೆ, ಇಂಜಿನ್ ಓಡುತ್ತದೆ. ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ಹಿಂದಕ್ಕೆ ಬರುತ್ತದೆ. ಒಂದೇ ಇಂಜಿನ್ ಇದ್ದರೆ ಸಾಕು. ಎರಡಿಟ್ಟರೆ ಎರಡೂ ಒಟ್ಟಿಗೆ ಓಡುತ್ತವೆ, ಒಟ್ಟಿಗೆ ನಿಲ್ಲುತ್ತವೆ. ಲೂಪ್‌ ಲೈನಿನಲ್ಲಿ, ಅಂದರೆ ಪಕ್ಕದ ಹಳಿಯಲ್ಲಿ, ಗೂಡ್ಸ್ ನಿಲ್ಲಿಸಿ ಎಕ್ಸ್‌ಪ್ರೆಸ್ ದಾಟಿಸಬೇಕು ಅಂದರೆ ಹಳಿ ಕತ್ತರಿಸಿ, ತುಂಡು ತುಂಡಿಗೆ ಬೇರೆ ಸ್ವಿಚ್ ಹಾಕಬೇಕು.

ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್, ಇದನ್ನು ತಿರುವಿ ಹಾಕುತ್ತದೆ. ಹಳಿಯಲ್ಲಿ ಯಾವಾಗಲೂ ಪೂರ್ತಿ ಕರೆಂಟ್. ನನ್ನದರಲ್ಲಿ ಸುಮಾರು 14 ವೋಲ್ಟ್. ಅದು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತಿರುತ್ತದೆ. ಮಾತು ಅಡಗಿರುವುದು ಆ ಬದಲಾವಣೆಯಲ್ಲೇ. 58 ಮೈಕ್ರೊಸೆಕೆಂಡಿಗೆ ತಿರುಗಿದರೆ ಒಂದು, 100 ಅಥವಾ ಅದಕ್ಕಿಂತ ಹೆಚ್ಚು ತಗೊಂಡರೆ ಸೊನ್ನೆ. ಇಂಜಿನ್ ಒಳಗಿನ ಡಿಕೋಡರ್ ಇದನ್ನು ಕೇಳಿಸಿಕೊಳ್ಳುತ್ತದೆ. ತನ್ನ ನಂಬರ್ ಕರೆದರೆ ಮಾತ್ರ ಮೋಟರಿಗೆ ಕರೆಂಟ್ ಕೊಡುತ್ತದೆ. ಜರ್ಮನಿಯ ಲೆಂಜ್ ಕಂಪನಿ 1980ರ ದಶಕದ ಕೊನೆಗೆ ಮಾಡಿದ್ದನ್ನು ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ ಆಮೇಲೆ ಸ್ಟ್ಯಾಂಡರ್ಡ್ ಮಾಡಿತು. ಅದಕ್ಕೇ ಒಂದು ಕಂಪನಿಯ ಡಿಕೋಡರ್ ಇನ್ನೊಂದು ಕಂಪನಿಯ ಕಂಟ್ರೋಲರ್ ಮಾತು ಕೇಳುತ್ತದೆ. ನನ್ನ ಕಂಟ್ರೋಲರ್ ಅಂತೂ ಕಂಪನಿಯದೇ ಅಲ್ಲ. ಆರ್ಡುಯಿನೊ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್, ಅದರ ಮೇಲೆ ಹಳಿಗೆ ಕರೆಂಟ್ ಕೊಡುವ ಮೋಟರ್ ಶೀಲ್ಡ್, ಡಿಸಿಸಿ-ಇಎಕ್ಸ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್. ಲ್ಯಾಪ್‌ಟಾಪಿನಲ್ಲಿ ಜೆಎಂಆರ್‌ಐ ಅನ್ನುವ ಇನ್ನೊಂದು ಸಾಫ್ಟ್‌ವೇರ್. ಕೈಯಲ್ಲಿ ಮೊಬೈಲ್.

ಮೊದಲ ಇಂಜಿನ್ ಹೊಸದು. ಮೇಲಿನ ಡಬ್ಬಿ ಬಿಚ್ಚಿದರೆ ಒಳಗೆ ಎಂಟು ಪಿನ್ನಿನ ಸಾಕೆಟ್. ಡಮ್ಮಿ ಪ್ಲಗ್ ಕೀಳು, ಡಿಕೋಡರ್ ಚುಚ್ಚು, ಮುಚ್ಚು. ಹತ್ತು ನಿಮಿಷದ ಕೆಲಸ. ಸೊಕ್ಕು ಬಂದದ್ದು ಅಲ್ಲೇ.

ಎರಡನೆಯದು ಹಳೇ ಇಂಜಿನ್. ಸಾಕೆಟ್ ಇಲ್ಲ. ವೈರ್ ಬೆಸುಗೆ ಹಾಕಬೇಕು. ಬಣ್ಣಗಳು ನನಗೆ ಬಾಯಿಪಾಠ. ಕೆಂಪು ಬಲ ಚಕ್ರಕ್ಕೆ, ಕಪ್ಪು ಎಡಕ್ಕೆ, ಕಿತ್ತಳೆ ಮತ್ತು ಬೂದು ಮೋಟರಿಗೆ, ಬಿಳಿ ಮುಂದಿನ ಲೈಟಿಗೆ, ಹಳದಿ ಹಿಂದಿನದಕ್ಕೆ. ನೀಲಿ ಲೈಟುಗಳ ಪ್ಲಸ್. ಎಲ್ಲ ಸರಿಯಾಗಿಯೇ ಜೋಡಿಸಿದೆ. ಹಳಿ ಮೇಲಿಟ್ಟೆ. ಹೊಗೆ.

ತಪ್ಪು ವೈರಿನಲ್ಲಿ ಇರಲಿಲ್ಲ. ಇಲ್ಲಿ ನೋಡಿ, ಮೋಟರ್ ಎತ್ತಿದ್ದೇನೆ. ಕೆಳಗೆ ಹಿತ್ತಾಳೆ ಪಟ್ಟಿ, ಅದಕ್ಕೆ ಎರಡು ಸಣ್ಣ ನಾಲಿಗೆ. ಆ ನಾಲಿಗೆ ಚಾಸಿಗೆ, ಅಂದರೆ ಇಂಜಿನಿನ ಲೋಹದ ಅಡಿಭಾಗಕ್ಕೆ, ತಾಗುತ್ತವೆ. ಹಳೇ ಇಂಜಿನ್‌ಗಳಲ್ಲಿ ವೈರ್ ಉಳಿಸಲು ಚಾಸಿಯನ್ನೇ ವೈರ್ ಮಾಡಿರುತ್ತಾರೆ. ಒಂದು ಹಳಿಯ ಕರೆಂಟ್ ಚಕ್ರದಿಂದ ಚಾಸಿಗೆ, ಚಾಸಿಯಿಂದ ನೇರ ಮೋಟರ್ ಕರೆಂಟ್ ತಗೊಳ್ಳುವ ಬ್ರಷ್‌ಗೆ. ಡಿಸಿಯಲ್ಲಿ ಅದು ಜಾಣತನ. ಡಿಕೋಡರ್ ಕೂಡಿಸಿದ ಮೇಲೆ ಅದೇ ಕರೆಂಟ್ ಬ್ರಷ್‌ನಿಂದ ಉಲ್ಟಾ ಬಂದು ಡಿಕೋಡರಿನ ಬಾಯಿಗೆ ಹೊಡೆಯುತ್ತದೆ. ಮೋಟರ್ ಬೇರೆ, ಹಳಿ ಬೇರೆ ಇರಬೇಕು. ಡಿಸಿಸಿ ಕೂಡಿಸುವುದರಲ್ಲಿ ನಿಜವಾದ ಕೆಲಸ ಇದೊಂದೇ, ಬೆಸುಗೆ ಎಲ್ಲ ಆಮೇಲಿನ ಮಾತು.

ಹಾಗಾಗಿ ಎರಡನೇ ಸಲ, ಹೊಸ ಡಿಕೋಡರ್ ಹಾಕುವ ಮೊದಲು, ನಾಲಿಗೆ ಕತ್ತರಿಸಿದೆ. ಮೋಟರಿನ ಕೆಳಗೆ ಕರೆಂಟ್ ದಾಟಲು ಬಿಡದ ಕ್ಯಾಪ್ಟಾನ್ ಟೇಪ್ ಹಾಸಿದೆ. ಆಮೇಲೆ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಒಂದು ಕಡ್ಡಿ ಬ್ರಷ್‌ಗೆ, ಇನ್ನೊಂದು ಚಕ್ರಕ್ಕೆ, ಚಾಸಿಗೆ, ಎಲ್ಲ ಕಡೆ. ಬೀಪ್ ಬಂದರೆ ಎಲ್ಲೋ ತಾಗುತ್ತಿದೆ ಅಂತ. ಎಲ್ಲಿಯೂ ಬರಬಾರದು. ಈ ವಿಡಿಯೋದಲ್ಲಿ ಸದ್ದಿಲ್ಲದ ಇಪ್ಪತ್ತು ಸೆಕೆಂಡ್ ಬಿಟ್ಟಿರುವುದು ಅದಕ್ಕೇ. ಕೇಳಿ.

ಇನ್ನೊಂದು ಪರೀಕ್ಷೆ. 12 ವೋಲ್ಟ್ ಕೊಟ್ಟು, ತಿರುಗುವ ಮೋಟರನ್ನು ಬೆರಳಿನಿಂದ ಒಂದು ಕ್ಷಣ ಹಿಡಿದು ಎಷ್ಟು ಆಂಪಿಯರ್ ಎಳೆಯುತ್ತದೆ ಅಂತ ನೋಡಬೇಕು. ನನ್ನದು 0.7. ಡಿಕೋಡರ್ ತಡೆಯುವುದು 1 ಆಂಪಿಯರ್. ಪರವಾಗಿಲ್ಲ. ಮತ್ತೆ ಡಿಕೋಡರಿಗೆ ಟೇಪ್ ಸುತ್ತಿ ಸುತ್ತಿ ಉಂಡೆ ಮಾಡಬೇಡಿ. ಮೇ ತಿಂಗಳಲ್ಲಿ ನಮ್ಮ ಮಹಡಿ ಮೊದಲೇ ಒಲೆ. ಅದಕ್ಕೂ ಗಾಳಿ ಬೇಕು.

ಈಗ ನನಗೆ ತುಂಬಾ ಇಷ್ಟವಾದ ಶಾಟ್. ಇಂಜಿನ್ ಪ್ರೋಗ್ರಾಮಿಂಗ್ ಟ್ರ್ಯಾಕ್ ಮೇಲಿದೆ. ಇದು ಬೇರೆಯೇ ತುಂಡು ಹಳಿ, ಕರೆಂಟ್ ಕಡಿಮೆ. ತಪ್ಪಾಗಿದ್ದರೂ ಇಲ್ಲಿ ಸುಡುವ ಭಯ ಕಡಿಮೆ. ಸುಟ್ಟ ಡಿಕೋಡರನ್ನೂ ಮೊದಲು ಇಲ್ಲೇ ಇಟ್ಟು ನೋಡಬೇಕಿತ್ತು. ಲ್ಯಾಪ್‌ಟಾಪ್ ಕೇಳುತ್ತದೆ: ನಿನ್ನ ನಂಬರ್ ಎಷ್ಟು? ಡಿಕೋಡರಿಗೆ ಬಾಯಿಲ್ಲ. ಹೌದು ಅನ್ನಲು ಮೋಟರಿಗೆ ಒಂದು ಚಿಟಿಕೆ ಕರೆಂಟ್ ಕೊಡುತ್ತದೆ. ಚಕ್ರ ನೋಡಿ. ಹುಂ... ಹಾಂ, ಅಲುಗಿತು. ನಿದ್ದೆಯಲ್ಲಿ ಬೆಚ್ಚಿದ ಹಾಗೆ. ಸ್ಕ್ರೀನಿನಲ್ಲಿ ಬಂತು: 3.

ಹೊಸ ಡಿಕೋಡರ್‌ಗಳೆಲ್ಲ ಹುಟ್ಟಾ ಮೂರನೇ ನಂಬರ್. ಅದನ್ನು ಬದಲಿಸಬೇಕು ಅನ್ನುವುದನ್ನು ಖುಷಿಯಲ್ಲಿ ಮರೆತೆ. ಲೈನಿಗಿಟ್ಟು ಮೂರನ್ನು ಕರೆದೆ. ಮೊದಲ ಇಂಜಿನ್ನೂ ಮೂರೇ! ಎರಡೂ ಹೊರಟವು, ಎದುರುಬದುರು. ಇಷ್ಟೆಲ್ಲ ಖರ್ಚು ಮಾಡಿ ಮತ್ತೆ ಹಳೇ ಡಿಸಿಗೇ ಬಂದು ನಿಂತಂತಾಯಿತು. ಸಿವಿ ಅಂದರೆ ಡಿಕೋಡರ್ ನೆನಪಿಟ್ಟುಕೊಳ್ಳುವ ಸೆಟ್ಟಿಂಗ್; ಸಿವಿ 1 ಅದರ ನಂಬರ್. ಈಗ ಅದರಲ್ಲಿ ಒಂದಕ್ಕೆ 11, ಇನ್ನೊಂದಕ್ಕೆ 12 ಬರೆದಿದ್ದೇನೆ.

ಕಾಕಾ ಸಂಜೆ ಬಂದರು. ಗೂಡ್ಸ್ ಹೊರಡಿಸಿ ತೋರಿಸಿದೆ.

"ಇದೇನೋ, ಕುದುರಿ ಜಿಗ್ದಂಗ ಹೊಂಟದ. ಲೋಡ್ ಗಾಡಿ ಹಿಂಗ ಏಳ್ತದೇನು?"

ಸಿವಿ 3 ಅಂದರೆ ವೇಗ ಏರುವ ಹದ. 25 ಹಾಕಿದೆ. ನಿಂತಲ್ಲಿಂದ ಪೂರ್ತಿ ವೇಗಕ್ಕೆ ಸುಮಾರು 22 ಸೆಕೆಂಡ್. ಕಾಕಾ ತಲೆ ಅಲ್ಲಾಡಿಸಿದರು. 40 ಹಾಕಿದೆ. 36 ಸೆಕೆಂಡ್. ಕಾಕಾ ಕೆಳಗೆ ಹೋಗಿ ಒಂದು ಹಿಡಿ ತೊಗರಿ ಬೇಳೆ ತಂದು ವ್ಯಾಗನ್‌ಗಳಿಗೆ ತುಂಬಿದರು.

"ಈಗ ಬಿಡು."

ಹಳಿ ಒಂದು ಕಡೆ ಧೂಳಾಗಿತ್ತು, ಗಾಡಿ ತಡವರಿಸಿ ನಿಂತಿತು. ಕರೆಂಟೂ ಮಾತೂ ಒಂದೇ ಹಳಿಯಲ್ಲಿ ಬರುವುದರಿಂದ ಡಿಸಿಸಿಗೆ ಧೂಳು ಆಗೋದಿಲ್ಲ. ನಮ್ಮೂರಲ್ಲಿ ಧೂಳಿಗೆ ಬರವೇ? ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದೆ.

ಅಷ್ಟರಲ್ಲಿ ಮೊಬೈಲ್ ಕಾಕಾನ ಕೈಯಲ್ಲಿತ್ತು. 12ನ್ನು ನಿಧಾನ ತಂದು ಲೂಪ್‌ನಲ್ಲಿ ನಿಲ್ಲಿಸಿದರು. ಲೈಟ್ ಆರಿಸಿದರು. ಸುಮ್ಮನೆ ಕೂತರು. ನಾನು, "ಯಾಕ್ ಕಾಕಾ, ಹೋಗಲ್ವಾ?" ಅಂದೆ.

"ತಡಿಯೋ. ಉದ್ಯಾನ್ ಎಕ್ಸ್‌ಪ್ರೆಸ್ ಬರೋದದ."

11ನ್ನು ಬಿಡಲು ನನಗೆ ಕಣ್ಣಲ್ಲೇ ಹೇಳಿದರು.