ಟ್ಯಾನ್ ಇನ್ವರ್ಸ್ ಪಕ್ಕದಲ್ಲಿರುವ 1

ಎಲ್ಲರಿಗೂ ನಮಸ್ಕಾರ. ಇವತ್ತಿನ ಪ್ರಶ್ನೆ ಚಿಕ್ಕದು. ಟ್ಯಾನ್⁻¹ಎಕ್ಸ್ ಅನ್ನು ಇಂಟಿಗ್ರೇಟ್ ಮಾಡುವುದು ಹೇಗೆ?

ಇದರ ಅವಕಲನ ನಮಗೆಲ್ಲ ಬಾಯಿಪಾಠ: 1/(1 + ಎಕ್ಸ್²). ಇಂಟಿಗ್ರಲ್ ಕೇಳಿದರೆ ಮಾತ್ರ ತಡವರಿಸುತ್ತೇವೆ. ಇಂಟಿಗ್ರೇಶನ್ ಬೈ ಪಾರ್ಟ್ಸ್ ಹಾಕೋಣ ಎಂದರೆ ಅದಕ್ಕೆ ಎರಡು ಫಂಕ್ಷನ್‌ಗಳ ಗುಣಲಬ್ಧ ಬೇಕು. ಇಲ್ಲಿ ಕಾಣುವುದು ಒಂದೇ, ಅಲ್ವಾ?

ಎರಡನೆಯದೂ ಇದೆ. ಅದು 1. ಯಾವುದನ್ನೇ ಆದರೂ 1ರಿಂದ ಗುಣಿಸಿದೆ ಎಂದುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಟ್ಯಾನ್⁻¹ಎಕ್ಸ್ ಮೊದಲ ಫಂಕ್ಷನ್, 1 ಎರಡನೆಯದು. ಬೈ ಪಾರ್ಟ್ಸ್ ನಿಯಮ ಇಷ್ಟೇ: ಮೊದಲನೆಯದನ್ನು ಎರಡನೆಯದರ ಇಂಟಿಗ್ರಲ್‌ನಿಂದ ಗುಣಿಸಿ, ಅದರಿಂದ (ಮೊದಲನೆಯದರ ಅವಕಲನ × ಎರಡನೆಯದರ ಇಂಟಿಗ್ರಲ್) ಇದರ ಇಂಟಿಗ್ರಲ್ ಕಳೆಯಿರಿ. 1ರ ಇಂಟಿಗ್ರಲ್ ಎಕ್ಸ್. ಮೊದಲ ಪದ ಎಕ್ಸ್·ಟ್ಯಾನ್⁻¹ಎಕ್ಸ್. ಅದರಿಂದ ಎಕ್ಸ್/(1 + ಎಕ್ಸ್²) ಇದರ ಇಂಟಿಗ್ರಲ್ ಕಳೆಯಬೇಕು. ಛೇದದ ಅವಕಲನ 2ಎಕ್ಸ್, ಅಂಶದಲ್ಲಿ ಎಕ್ಸ್ ಇದೆ. ಹಾಗಾಗಿ ಲಾಗ್ (ಇಲ್ಲೆಲ್ಲ ಆಧಾರ e) ಬರುತ್ತದೆ:

ಎಕ್ಸ್·ಟ್ಯಾನ್⁻¹ಎಕ್ಸ್ − ½ ಲಾಗ್(1 + ಎಕ್ಸ್²) + ಸಿ

ಇಷ್ಟು ಸಲೀಸಾಗಿ ಆದದ್ದು ಯಾಕೆ? ಸೈನ್ ಅನ್ನು ಅವಕಲಿಸಿದರೆ ಕಾಸ್, ಕಾಸ್ ಅನ್ನು ಅವಕಲಿಸಿದರೆ ಮೈನಸ್ ಚಿಹ್ನೆಯೊಂದಿಗೆ ಮತ್ತೆ ಸೈನ್. ಅವು ಆ ಮನೆ ಬಿಟ್ಟು ಹೊರಗೆ ಬರುವುದೇ ಇಲ್ಲ. ವಿಲೋಮ ಫಂಕ್ಷನ್‌ಗಳು ಹಾಗಲ್ಲ. ಒಂದೇ ಅವಕಲನಕ್ಕೆ ತ್ರಿಕೋನಮಿತಿ ಪೂರ್ತಿ ಮಾಯ. ಉಳಿಯುವುದು ಬರೀ ಬೀಜಗಣಿತ. ಲಾಗ್ ಕೂಡ ಇದೇ ಜಾತಿ. ಬೈ ಪಾರ್ಟ್ಸ್‌ನಲ್ಲಿ ಯಾವುದನ್ನು ಮೊದಲ ಫಂಕ್ಷನ್ ಮಾಡಬೇಕು ಎಂದು ಹೇಳುವ ಐಲೇಟ್ ನಿಯಮದಲ್ಲಿ (ವಿಲೋಮ, ಲಾಗ್, ಬೀಜಗಣಿತ, ತ್ರಿಕೋನಮಿತಿ, ಘಾತ ಎಂಬ ಕ್ರಮ) ವಿಲೋಮ ಫಂಕ್ಷನ್‌ಗಳೂ ಲಾಗ್‌ಗಳೂ ಮುಂದೆ ನಿಂತಿರುವುದು ಇದಕ್ಕೇ. ಕಾರಣ ಗೊತ್ತಿದ್ದವರಿಗೆ ಆ ನಿಯಮ ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ತಿರುಗಿಸಿ 1 ಅನ್ನು ಮೊದಲ ಫಂಕ್ಷನ್ ಮಾಡಿಕೊಂಡರೆ ಟ್ಯಾನ್⁻¹ಎಕ್ಸ್ ಅನ್ನೇ ಇಂಟಿಗ್ರೇಟ್ ಮಾಡಬೇಕಾಗುತ್ತದೆ. ನಮಗೆ ಗೊತ್ತಿಲ್ಲದ್ದೇ ಅದು!

ಸೈನ್⁻¹ಎಕ್ಸ್‌ಗೂ ಇದೇ ದಾರಿ. ಉತ್ತರ ಎಕ್ಸ್·ಸೈನ್⁻¹ಎಕ್ಸ್ + √(1 − ಎಕ್ಸ್²) + ಸಿ. ಇಲ್ಲಿ ಪ್ಲಸ್ ನೋಡಿ, ಜಾಸ್ತಿ ಜನ ಎಡವುವುದು ಆ ಚಿಹ್ನೆಯಲ್ಲೇ. ಕಾಸ್⁻¹ಎಕ್ಸ್‌ಗೆ ಅದೇ ಜಾಗದಲ್ಲಿ ಮೈನಸ್. ಅನುಮಾನ ಬಂದರೆ ಎರಡನ್ನೂ ಕೂಡಿಸಿ. ಸೈನ್⁻¹ಎಕ್ಸ್, ಕಾಸ್⁻¹ಎಕ್ಸ್ ಎರಡೂ ಸೇರಿ ಯಾವಾಗಲೂ π/2 ಆಗುವುದರಿಂದ, ಇಂಟಿಗ್ರಲ್‌ಗಳ ಮೊತ್ತ ಸ್ಥಿರಾಂಕ ಬಿಟ್ಟು (π/2)·ಎಕ್ಸ್ ಆಗಲೇಬೇಕು. ಚಿಹ್ನೆ ಸರಿ ಇದ್ದರೆ ವರ್ಗಮೂಲಗಳು ಹೊಡೆದುಹೋಗುತ್ತವೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಅಗಲ 1, ಎತ್ತರ π/4 ಇರುವ ಒಂದು ಆಯತ ಬರೆಯಿರಿ. ಎಡ ಕೆಳ ಮೂಲೆಯಿಂದ ಬಲ ಮೇಲಿನ ಮೂಲೆಗೆ ಟ್ಯಾನ್ ಇನ್ವರ್ಸ್ ಗ್ರಾಫ್ ಹೋಗುತ್ತದೆ. ಆಯತ ಎರಡು ತುಂಡಾಯಿತು. ಕೆಳಗಿನ ತುಂಡು ನಮಗೆ ಬೇಕಾದ ಇಂಟಿಗ್ರಲ್. ಮೇಲಿನದನ್ನು ತಲೆ ವಾಲಿಸಿ, ವೈ ಅಕ್ಷದ ಕಡೆಯಿಂದ ನೋಡಿ. ಅದು ಸುಮ್ನೆ ಟ್ಯಾನ್ ಗ್ರಾಫ್‌ನ ಅಡಿಯ ವಿಸ್ತೀರ್ಣ, 0ಯಿಂದ π/4ರವರೆಗೆ. ಟ್ಯಾನ್‌ನ ಇಂಟಿಗ್ರಲ್ ಲಾಗ್ ಸೆಕ್ ಎಂದು ಗೊತ್ತೇ ಇದೆ. ಹಾಗಾಗಿ ಮೇಲಿನ ತುಂಡು ½ ಲಾಗ್ 2, ಅಂದರೆ ಸುಮಾರು 0.3466. ಇಡೀ ಆಯತ 0.7854. ಕಳೆದರೆ 0.4388. ಮೇಲಿನ ಸೂತ್ರದಲ್ಲಿ 1 ಮತ್ತು 0 ಹಾಕಿದರೂ ಇದೇ ಸಂಖ್ಯೆ ಬರುತ್ತದೆ. ಎಕ್ಸ್·ಟ್ಯಾನ್⁻¹ಎಕ್ಸ್ ಎಂಬ ಪದ ಆಯತ, ಕಳೆಯುವ ಲಾಗ್ ಪದ ಮೇಲಿನ ತುಂಡು. ಫಂಕ್ಷನ್‌ನ ಇಂಟಿಗ್ರಲ್ ತಿಳಿದಿದ್ದರೆ ಅದರ ವಿಲೋಮದ್ದೂ ತಿಳಿದಂತೆಯೇ. ಫ್ರಾನ್ಸಿನ ಗಣಿತಜ್ಞ ಶಾರ್ಲ್-ಆಂಜ್ ಲೇಸಾಂ 1905ರಲ್ಲಿ ಇದನ್ನು ಒಂದು ಸಾಮಾನ್ಯ ಸೂತ್ರವಾಗಿ ಪ್ರಕಟಿಸಿದರು.

ಮುಂದಿನ ಲೆಕ್ಕ ಎಕ್ಸ್·ಟ್ಯಾನ್⁻¹ಎಕ್ಸ್. ಎಕ್ಸ್ ಅನ್ನು ಇಂಟಿಗ್ರೇಟ್ ಮಾಡಿ ಎಲ್ಲರೂ ಎಕ್ಸ್²/2 ಬರೆಯುತ್ತಾರೆ. ಆಮೇಲೆ ಎಕ್ಸ್²/(1 + ಎಕ್ಸ್²) ಎದುರಾಗಿ, 1 ಕೂಡಿಸಿ 1 ಕಳೆಯುವ ಕೆಲಸ ಶುರು. ಬೇಡ. ಅಲ್ಲಿ ಯಾವ ಸ್ಥಿರಾಂಕ ಬೇಕಾದರೂ ಸೇರಿಸುವ ಸ್ವಾತಂತ್ರ್ಯ ನಮಗಿದೆ. (ಎಕ್ಸ್² + 1)/2 ಎಂದು ಬರೆಯಿರಿ. ಅವಕಲನದ ಛೇದ ಪೂರ್ತಿ ಹೊಡೆದುಹೋಗಿ ½ ಮಾತ್ರ ಉಳಿಯುತ್ತದೆ. ಒಂದೇ ಸಾಲಿನಲ್ಲಿ ಉತ್ತರ:

½(ಎಕ್ಸ್² + 1)·ಟ್ಯಾನ್⁻¹ಎಕ್ಸ್ − ಎಕ್ಸ್/2 + ಸಿ

ಕೊನೆಗೆ (ಸೈನ್⁻¹ಎಕ್ಸ್)². ಇಲ್ಲಿ ಬೈ ಪಾರ್ಟ್ಸ್ ಎರಡು ಸಲ ಬೇಕು. ಮೊದಲ ಸಲ 1 ಜೊತೆಗಾರ. ಎರಡನೇ ಸಲ ಎಕ್ಸ್/√(1 − ಎಕ್ಸ್²) ಅನ್ನು ಇಂಟಿಗ್ರೇಟ್ ಮಾಡಿದರೆ −√(1 − ಎಕ್ಸ್²) ಬರುತ್ತದೆ. ಸೈನ್ ಇನ್ವರ್ಸ್‌ನ ಅವಕಲನದ ಛೇದದಲ್ಲಿ ಇರುವುದೂ ಅದೇ ವರ್ಗಮೂಲ, ಎರಡೂ ಹೊಡೆದುಹೋಗುತ್ತವೆ:

ಎಕ್ಸ್(ಸೈನ್⁻¹ಎಕ್ಸ್)² + 2√(1 − ಎಕ್ಸ್²)·ಸೈನ್⁻¹ಎಕ್ಸ್ − 2ಎಕ್ಸ್ + ಸಿ

ವರ್ಗದ ಬದಲು ಘನ ಕೊಟ್ಟರೂ ದಾರಿ ಇದೇ, ಸುತ್ತು ಒಂದು ಹೆಚ್ಚು. ಅದನ್ನು ನೀವೇ ಮಾಡಿ, ಬಂದ ಉತ್ತರವನ್ನು ಅವಕಲಿಸಿ ನೋಡಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.