ಕಾಕಾನ ಕಿರ್ದಿ, ನನ್ನ ಗಿಟ್

ಕೇಳುಗರೇ, ನಮಸ್ಕಾರ.

ಇವತ್ತಿನ ವಿಷಯ ಕಂಪ್ಯೂಟರಿನದು. ಆದರೆ ಹಮಾಲಿಯಿಂದ ಶುರು ಮಾಡುತ್ತೇನೆ.

ನಾನು ಬಾಗಲಕೋಟೆಯವಳು. ನವನಗರದಲ್ಲಿ ಮನೆ. ನಮ್ಮ ಸಂಬಂಧಿಕರದೊಂದು ದಲಾಲಿ ಅಂಗಡಿ ಇದೆ. ಉಳ್ಳಾಗಡ್ಡಿ, ಬೆಲ್ಲ, ಗೋವಿನಜೋಳ ಬರುತ್ತದೆ. ಆ ಅಂಗಡಿಗೆ ಬಿಲ್ಲು ತೆಗೆಯುವ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ, ಪೈಥಾನ್‌ನಲ್ಲಿ. ಚೀಲ ಎಷ್ಟು, ತೂಕ ಎಷ್ಟು, ದರ ಎಷ್ಟು ಅಂತ ಹಾಕಿದರೆ ಸಾಕು. ಹಮಾಲಿ, ಬಾರದಾನ ಎಲ್ಲ ಕೂಡಿಸಿ ಖರೀದಿದಾರರ ಬಿಲ್ಲು ಬರುತ್ತದೆ.

ಒಂದು ದಿನ ಸುಮ್ನೆ ಆ ಕೋಡ್ ಓದುತ್ತ ಕುಳಿತಿದ್ದೆ. ಒಂದು ಸಾಲು ಕಣ್ಣಿಗೆ ಬಿತ್ತು. ಸಂಜೆ 7 ಗಂಟೆ ದಾಟಿದ್ದರೆ ಹಮಾಲಿಯನ್ನು ಒಂದೂವರೆಯಿಂದ ಗುಣಿಸು ಅಂತ ಬರೆದಿತ್ತು. ಯಾಕೆ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಯಾವುದನ್ನೋ ಪರೀಕ್ಷೆ ಮಾಡಲು ಹಾಕಿ ಮರೆತಿರಬೇಕು ಅಂದುಕೊಂಡೆ. ಆ ಸಾಲು ತೆಗೆದುಹಾಕಿದೆ.

ಮೂರನೇ ದಿನ ಬೆಳಿಗ್ಗೆ ಹಮಾಲರು ಅಂಗಡಿ ಮುಂದೆ ಬಂದು ನಿಂತರು. ನನಗೆ ಫೋನ್ ಬಂತು. ಮಾತಾಡಿದವರು ಅಂಗಡಿಯ ಗುಮಾಸ್ತ. ನಾವೆಲ್ಲ ಅವರನ್ನು ಕಾಕಾ ಅಂತಲೇ ಕರೆಯುತ್ತೇವೆ.

"ತಂಗಿ, ರಾತ್ರಿ ಲೋಡಿಂದು ಹಮಾಲಿ ಕಡಿಮಿ ಬರಾಕತ್ತೈತಿ. ಏನ್ ಮಾಡೀದಿ?"

ಓಡಿಹೋದೆ. ಕಾಕಾ ಬೈಯಲಿಲ್ಲ. ಕಪಾಟಿನಿಂದ ಹಳೆಯ ಕಿರ್ದಿ ತೆಗೆದರು. ದಿನದಿನದ ಲೆಕ್ಕ ಬರೆಯುವ ಉದ್ದನೆಯ ಪುಸ್ತಕ, ಕೆಂಪು ಬಟ್ಟೆಯ ರಟ್ಟು. ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು ಹಾಳೆ ತಿರುವಿದರು. ಒಂದು ಸಾಲಿನ ಮೇಲೆ ಬೆರಳಿಟ್ಟು ಓದು ಅಂದರು. "ದೀಪ ಹಚ್ಚಿದ ಮೇಲೆ ತುಂಬಿದ ಮಾಲಿಗೆ ಹಮಾಲಿ ಒಂದೂವರೆ. ಹಮಾಲರ ಜೊತೆ ಮಾತಾದಂತೆ." ಪಕ್ಕದಲ್ಲಿ ತಾರೀಖು, ಕೆಳಗೆ ಸಹಿ.

ನನ್ನ ಹತ್ತಿರವೂ ಒಂದು ಕಿರ್ದಿ ಇತ್ತು. ಅದರ ಹೆಸರು ಗಿಟ್. ಅದರಲ್ಲಿ ಬ್ಲೇಮ್ ಅಂತ ಒಂದು ಆಜ್ಞೆ ಇದೆ. ಬ್ಲೇಮ್ ಅಂದರೆ ದೂರುವುದು. ಕೋಡಿನ ಪ್ರತಿಯೊಂದು ಸಾಲನ್ನು ಕೊನೆಗೆ ಮುಟ್ಟಿದವರು ಯಾರು, ಯಾವತ್ತು ಅಂತ ಅದು ತೋರಿಸುತ್ತದೆ. ಆ ಒಂದೂವರೆಯ ಸಾಲು ಬರೆದ ಕಳ್ಳರು ಯಾರು ನೋಡೋಣ ಅಂತ ಹಳೆಯ ಪ್ರತಿಯ ಮೇಲೆ ಓಡಿಸಿದೆ. ನಾನೇ! ತಾರೀಖು ಇತ್ತು, ಸಮಯ ಇತ್ತು. ಯಾಕೆ ಅಂತ ಬರೆಯಬೇಕಾದ ಜಾಗದಲ್ಲಿ ಎರಡೇ ಪದ. "ಸಣ್ಣ ಬದಲಾವಣೆ."

ಗಿಟ್ ಕಲಿತು ಆಗ ಎರಡು ವರ್ಷವಾಗಿತ್ತು. ಕಲಿತಿದ್ದೇನೆ ಅಂದುಕೊಂಡಿದ್ದೆ, ಅಷ್ಟೇ.

ಈ ಗಿಟ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಪ್ರೋಗ್ರಾಂ ಅಂದರೆ ಕೊನೆಗೆ ಒಂದಿಷ್ಟು ಫೈಲುಗಳು. ಇವತ್ತು ತಿದ್ದುತ್ತೇವೆ, ನಾಳೆ ತಿದ್ದುತ್ತೇವೆ. ನಿನ್ನೆಯದೇ ಸರಿ ಇತ್ತು ಅಂತ ನಾಡಿದ್ದು ಗೊತ್ತಾಗುತ್ತದೆ. ನಾನು ಮೊದಲು ಏನು ಮಾಡುತ್ತಿದ್ದೆ ಅಂದರೆ ಇಡೀ ಫೋಲ್ಡರ್ ನಕಲು ಮಾಡಿ ಇಡುತ್ತಿದ್ದೆ. "ಬಿಲ್ಲು ಫೈನಲ್", ಆಮೇಲೆ "ಬಿಲ್ಲು ಖರೇ ಫೈನಲ್". ಬೆಳಗಾವಿಯ ವಿಟಿಯು ಕೆಳಗೆ ಓದುವ ಹುಡುಗರ ಪೆನ್‌ಡ್ರೈವ್ ತೆಗೆದು ನೋಡಿ, ಇಂಥವು ಹತ್ತು ಸಿಗುತ್ತವೆ. ಯಾವುದರಲ್ಲಿ ಏನು ಬದಲಾಗಿದೆ ಅಂತ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಆ ಲೆಕ್ಕ ಇಡುವ ತಂತ್ರಾಂಶಕ್ಕೆ ವರ್ಷನ್ ಕಂಟ್ರೋಲ್ ಅನ್ನುತ್ತಾರೆ. ಗಿಟ್ ಅದರಲ್ಲಿ ಒಂದು.

ಆ ದಿನ ಕಾಕಾ ಎದುರಿಗೇ ಕುಳಿತು ತಪ್ಪು ಸರಿ ಮಾಡಿದೆ. ಅವರು ಕನ್ನಡಕ ಏರಿಸಿಕೊಂಡು ಪರದೆ ನೋಡುತ್ತಿದ್ದರು. ನೀನು ಹಾಕಿದ ತಪ್ಪು ನಮೂದನ್ನು ಅಳಿಸುತ್ತೀಯಾ ಅಂತ ಕೇಳಿದರು. ಇಲ್ಲ ಕಾಕಾ, ಅದು ಹಾಗೇ ಇರುತ್ತದೆ, ಅದನ್ನು ತಿರುವು ಮಾಡುವ ಇನ್ನೊಂದು ನಮೂದು ಹಾಕುತ್ತೇನೆ, ಇದಕ್ಕೆ ರಿವರ್ಟ್ ಅಂತಾರೆ ಅಂದೆ. ಅವರ ಮುಖ ಅರಳಿತು.

"ಹಂಗ ಅನ್ನು ಮತ್ತ. ಕಿರ್ದಿ ಒಳಗ ಹೊಡದ್ ಹಾಕೂದಿಲ್ಲ ತಂಗಿ. ತಪ್ಪಿದ್ರ ಉಲ್ಟಾ ಜಮಾ-ಖರ್ಚು ಹಾಕೂದು."

ನಾನು ಎಷ್ಟೋ ವಿಡಿಯೋ ನೋಡಿ ಅರ್ಥ ಮಾಡಿಕೊಂಡಿದ್ದನ್ನು ಕಾಕಾ ಒಂದೇ ಮಾತಿನಲ್ಲಿ ಹಿಡಿದರು. ಆಮೇಲೆ ನಾನೇ ಅವರಿಂದ ಕಲಿಯತೊಡಗಿದೆ.

ನೋಡಿ, ಅಂಗಡಿಯಲ್ಲಿ ವ್ಯವಹಾರ ನಡೆಯುವಾಗ ಮೊದಲು ಚೀಟಿ ಬರೆಯುತ್ತಾರೆ. ಅದು ಕಚ್ಚಾ. ಸಂಜೆ ಕುಳಿತು ಯಾವ ಚೀಟಿ ಸರಿ, ಯಾವುದು ಇನ್ನೂ ತೀರ್ಮಾನ ಆಗಿಲ್ಲ ಅಂತ ವಿಂಗಡಿಸುತ್ತಾರೆ. ಸರಿಯಾದವು ಮಾತ್ರ ಪಕ್ಕಾ ಕಿರ್ದಿಗೆ ಏರುತ್ತವೆ. ಗಿಟ್ ಕೂಡ ಹೀಗೇ ಮಾಡುತ್ತದೆ. ಆಡ್ ಅನ್ನುವುದು ಚೀಟಿ ವಿಂಗಡಿಸಿ ಇಡುವುದು. ಕಮಿಟ್ ಅನ್ನುವುದು ಪಕ್ಕಾ ಕಿರ್ದಿಗೆ ಏರಿಸುವುದು. ಕಲಿಯುವವರು ಮೊದಲು ಎಡವುವುದು ಇಲ್ಲೇ. ಎರಡು ಸಲ ಯಾಕೆ, ಒಂದೇ ಸಲ ಉಳಿಸಬಾರದಾ ಅಂತ ಕೇಳುತ್ತಾರೆ. ನಾನೂ ಕೇಳಿದ್ದೆ. ಹತ್ತು ಕಡೆ ಕೈ ಹಾಕಿರುತ್ತೀರಿ. ಅದರಲ್ಲಿ ಮೂರು ಹಮಾಲಿಗೆ ಸಂಬಂಧಪಟ್ಟವು, ಉಳಿದವು ಬೇರೆ. ಆ ಮೂರನ್ನು ಮಾತ್ರ ಒಂದು ನಮೂದಾಗಿ ಏರಿಸಲಿಕ್ಕೆ ಈ ವ್ಯವಸ್ಥೆ.

ಇನ್ನು ಶಿಲ್ಕು, ಅಂದರೆ ದಿನದ ಕೊನೆಗೆ ಉಳಿದ ಮೊತ್ತ. ಪ್ರತಿ ದಿನದ ಕಿರ್ದಿ ಹಿಂದಿನ ದಿನದ ಶಿಲ್ಕಿನಿಂದ ಶುರುವಾಗುತ್ತದೆ. ಯಾರಾದರೂ ಹಳೆಯ ಪುಟದಲ್ಲಿ ಕದ್ದು ಒಂದು ಅಂಕಿ ತಿದ್ದಿದರೆ ಅಲ್ಲಿಂದ ಮುಂದಿನ ಯಾವ ಪುಟವೂ ತಾಳೆ ಆಗುವುದಿಲ್ಲ. ಗಿಟ್‌ನಲ್ಲಿ ಪ್ರತಿ ಕಮಿಟ್‌ಗೂ 40 ಅಕ್ಷರ-ಅಂಕಿಗಳ ಒಂದು ಗುರುತು ಇರುತ್ತದೆ. ಯಾರೋ ಕೂತು ಇಟ್ಟ ಹೆಸರಲ್ಲ ಅದು. ಒಳಗಿನ ಮಾಹಿತಿ, ಬರೆದವರ ಹೆಸರು, ತಾರೀಖು, ಜೊತೆಗೆ ಹಿಂದಿನ ಕಮಿಟ್‌ನ ಗುರುತು, ಇಷ್ಟನ್ನೂ ಅರೆದು ಲೆಕ್ಕ ಹಾಕಿ ತೆಗೆದದ್ದು. ಹಳೆಯದೊಂದು ಬದಲಾದರೆ ಅದರ ಮುಂದಿನ ಎಲ್ಲ ಗುರುತುಗಳೂ ಬದಲಾಗಬೇಕು. ಇದನ್ನು ಹೇಳಿದಾಗ ಕಾಕಾ ಕೇಳಿದ್ದು ಒಂದೇ ಪ್ರಶ್ನೆ. ಇದನ್ನು ಮಾಡಿದವರು ಅಂಗಡಿ ಇಟ್ಟಿದ್ದರಾ ಅಂತ.

ಅಂಗಡಿ ಇರಲಿಲ್ಲ. ಮಾಡಿದವರು ಲಿನಸ್ ಟೊರ್ವಾಲ್ಡ್ಸ್, ಫಿನ್‌ಲ್ಯಾಂಡ್‌ನವರು, ಲಿನಕ್ಸ್ ಶುರು ಮಾಡಿದವರು. ಲಿನಕ್ಸ್ ಕೋಡಿಗೆ ಪ್ರಪಂಚದ ಮೂಲೆ ಮೂಲೆಯಿಂದ ಜನ ತಿದ್ದುಪಡಿ ಕಳಿಸುತ್ತಾರೆ. ಅದನ್ನು ಸಂಭಾಳಿಸಲು ಅವರು ಬಿಟ್‌ಕೀಪರ್ ಅನ್ನುವ ಬೇರೆಯವರ ತಂತ್ರಾಂಶ ಬಳಸುತ್ತಿದ್ದರು. 2005ರಲ್ಲಿ ಅದು ಪುಕ್ಕಟೆ ಸಿಗುವುದು ನಿಂತಿತು. ಆ ವರ್ಷ ಏಪ್ರಿಲ್ 3ಕ್ಕೆ ಸ್ವಂತದ್ದೊಂದು ಬರೆಯಲು ಕುಳಿತರು. 7ನೇ ತಾರೀಖಿಗೆ ಗಿಟ್ ತನ್ನದೇ ಕೋಡಿನ ಲೆಕ್ಕ ತಾನೇ ಇಡುವಷ್ಟು ತಯಾರಾಗಿತ್ತು. ಕೆಲವು ತಿಂಗಳಲ್ಲೇ ಅದರ ಉಸ್ತುವಾರಿಯನ್ನು ಜಪಾನಿನ ಜುನಿಯೊ ಹಮಾನೊ ಅವರಿಗೆ ಒಪ್ಪಿಸಿದರು. ಈ ಬಗೆಯ ತಂತ್ರಾಂಶ ಅದಕ್ಕೂ ಮೊದಲೇ ಇತ್ತು. 1972ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಚ್‌ಕೈಂಡ್ ಒಂದನ್ನು ಬರೆದಿದ್ದರು. ಇನ್ನೊಂದು ಮಾತು. ಗಿಟ್ ಬೇರೆ, ಗಿಟ್‌ಹಬ್ ಬೇರೆ. ಗಿಟ್‌ಹಬ್ 2008ರಲ್ಲಿ ಶುರುವಾದ ಜಾಲತಾಣ, ಗಿಟ್ ಕಿರ್ದಿಗಳನ್ನು ಇಡುವ ಜಾಗ. ಅದು ಇಲ್ಲದೆಯೂ, ಇಂಟರ್ನೆಟ್ಟೇ ಇಲ್ಲದೆಯೂ ನಿಮ್ಮ ಕಂಪ್ಯೂಟರಿನಲ್ಲಿ ಗಿಟ್ ಕೆಲಸ ಮಾಡುತ್ತದೆ. ಕರೆಂಟ್ ಹೋದರೆ ಮಾತ್ರ ನನ್ನನ್ನು ಕೇಳಬೇಡಿ.

ಗಿಟ್‌ಗಿಂತ ಮೊದಲು ಬಂದ ಹೆಚ್ಚಿನವುಗಳಲ್ಲಿ ಇತಿಹಾಸವೆಲ್ಲ ಒಂದೇ ಕಡೆ, ಒಂದು ಸರ್ವರಿನಲ್ಲಿ ಇರುತ್ತಿತ್ತು. ಗಿಟ್‌ನಲ್ಲಿ ಕ್ಲೋನ್, ಅಂದರೆ ಪೂರ್ತಿ ನಕಲು, ಮಾಡಿಕೊಂಡ ಪ್ರತಿಯೊಬ್ಬರ ಹತ್ತಿರವೂ ಮೊದಲ ನಮೂದಿನಿಂದ ಹಿಡಿದು ಇಡೀ ಕಿರ್ದಿ ಇರುತ್ತದೆ. ಇದರ ಬೆಲೆ ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರು ಬಂದು ಹಳೇ ಬಾಗಲಕೋಟೆಯ ಓಣಿಗಳು ಮುಳುಗಡೆಯಾದವು. ಆಗ ಕಾಕಾ ಟ್ರಂಕಿನಲ್ಲಿ ಮೊದಲು ತುಂಬಿದ್ದು ಕಿರ್ದಿಗಳನ್ನೇ ಅಂತೆ. ಪಾತ್ರೆ ಆಮೇಲೆ. ಅವರ ಹೆಂಡತಿ ಕಾಕೂ ಅದನ್ನು ಇವತ್ತಿಗೂ ಆಡಿ ತೋರಿಸುತ್ತಾರೆ. ಒಂದೇ ಪ್ರತಿ ಇದ್ದರೆ ಟ್ರಂಕನ್ನು ಹೊರಲೇಬೇಕು. ನನ್ನ ಪ್ರೋಗ್ರಾಂನ ಇತಿಹಾಸ ನನ್ನ ಲ್ಯಾಪ್‌ಟಾಪಿನಲ್ಲಿದೆ, ಅಂಗಡಿಯ ಕಂಪ್ಯೂಟರಿನಲ್ಲಿದೆ, ಬೆಳಗಾವಿಯಲ್ಲಿರುವ ನನ್ನ ಸೋದರಮಾವನ ಮಗನ ಹತ್ತಿರವೂ ಇದೆ.

ಅವನ ಮಾತು ಬಂತಲ್ಲ, ಜಗಳದ ಕತೆಯನ್ನೂ ಹೇಳುತ್ತೇನೆ. ಅವನು ನನ್ನ ಕೋಡಿಗೆ ಕೈ ಜೋಡಿಸುತ್ತಾನೆ. ಒಮ್ಮೆ ಬಿಲ್ಲಿನ ಒಂದೇ ಸಾಲನ್ನು ಇಬ್ಬರೂ ತಿದ್ದಿದೆವು. ನಾನು "ಬಾರದಾನ" ಅಂತ, ಅವನು "ಖಾಲಿ ಚೀಲ" ಅಂತ. ಎರಡನ್ನೂ ಕೂಡಿಸಲು ಹೇಳಿದಾಗ ಗಿಟ್ ನಿಂತುಬಿಟ್ಟಿತು. ಫೈಲ್ ತೆಗೆದರೆ ನಡುವೆ ಏಳು ಬಾಣದ ತಲೆಗಳು, ಕೆಳಗೆ ನನ್ನ ಸಾಲು, ಆಮೇಲೆ ಏಳು ಸಮ ಚಿಹ್ನೆ, ಕೆಳಗೆ ಅವನ ಸಾಲು, ಮತ್ತೆ ಆ ಕಡೆ ಮುಖ ಮಾಡಿದ ಏಳು ಬಾಣದ ತಲೆಗಳು. ಮೊದಲ ಸಲ ನೋಡಿದಾಗ ಎಲ್ಲ ಹಾಳಾಯಿತು ಅಂತ ಎದೆ ಧಸಕ್ ಎನ್ನುತ್ತದೆ. ಏನೂ ಹಾಳಾಗಿರುವುದಿಲ್ಲ. ಇಬ್ಬರೂ ಒಂದೇ ಜಾಗಕ್ಕೆ ಕೈ ಹಾಕಿದ್ದೀರಿ, ಯಾವುದು ಇರಬೇಕು ನೀವೇ ಹೇಳಿ ಅಂತ ಅದು ಕೇಳುತ್ತಿದೆ, ಅಷ್ಟೇ. ಬೇಕಾದ ಸಾಲು ಉಳಿಸಿ, ಚಿಹ್ನೆಗಳನ್ನು ತೆಗೆದು, ಮತ್ತೆ ಆಡ್, ಕಮಿಟ್. ನಾವಿಬ್ಬರೂ ಅರ್ಧ ಗಂಟೆ ಫೋನಿನಲ್ಲಿ ವಾದ ಮಾಡಿದೆವು. "ಬಾರದಾನ" ಉಳಿಯಿತು. ಬೆಳಗಾವಿಯವರು ಕುಂದಾ ತಿಂದುಕೊಂಡು ಸುಮ್ಮನಿರಲಿ.

ಕನ್ನಡದ ಬಗ್ಗೆ ಹೇಳಲೇಬೇಕಾದ ಒಂದು ಸಂಗತಿ ಇದೆ. ಫೈಲಿಗೆ ಕನ್ನಡದಲ್ಲಿ "ಬಿಲ್ಲು" ಅಂತ ಹೆಸರಿಟ್ಟು, ಯಾವ ಫೈಲು ಬದಲಾಗಿದೆ ಅಂತ ತೋರಿಸುವ ಗಿಟ್ ಸ್ಟೇಟಸ್ ಕೇಳಿದೆ. ಪರದೆ ಮೇಲೆ 340, 262, 254 ಅಂತ ಅಂಕಿಗಳ ಸಾಲು, ನಡುನಡುವೆ ಓರೆ ಗೆರೆ. ಫೈಲ್ ಕೆಟ್ಟಿರಲಿಲ್ಲ. ಆ ಮೂರು ಅಂಕಿ ಸೇರಿದರೆ "ಬ" ಅಕ್ಷರ. ಇಂಗ್ಲಿಷ್ ಅಲ್ಲದ ಹೆಸರುಗಳನ್ನು ಗಿಟ್ ತಾನಾಗಿ ಹೀಗೆ ಅಂಕಿಯಲ್ಲಿ ತೋರಿಸುತ್ತದೆ. ಕೋರ್ ಡಾಟ್ ಕೋಟ್‌ಪಾತ್ ಅನ್ನುವ ಸೆಟ್ಟಿಂಗ್ ಇದೆ, ಅದನ್ನು ಫಾಲ್ಸ್ ಮಾಡಿದರೆ ಹೆಸರು ಕನ್ನಡದಲ್ಲೇ ಕಾಣುತ್ತದೆ. ಇದು ಸಿಗಲು ನನಗೆ ಒಂದು ಸಂಜೆ ಹೋಯಿತು. ನಿಮಗೆ ಹೋಗದಿರಲಿ. ಕಮಿಟ್ ಜೊತೆಗಿನ ಟಿಪ್ಪಣಿಯನ್ನೂ ಧಾರಾಳವಾಗಿ ಕನ್ನಡದಲ್ಲಿ ಬರೆಯಬಹುದು. ನಾನು ಈಗ ಹಾಗೇ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಬರೆಯುವಾಗ ಕಾರಣ ಹೇಳಲು ಪದ ಸಿಗದೆ "ಸಣ್ಣ ಬದಲಾವಣೆ" ಅಂತ ಜಾರಿಕೊಳ್ಳುತ್ತಿದ್ದೆ. ಕನ್ನಡದಲ್ಲಿ ಆ ನೆಪ ಇಲ್ಲ.

ಶುರು ಮಾಡುವವರಿಗೆ ಮೊದಲ ವಾರ ಇನಿಟ್, ಆಡ್, ಕಮಿಟ್, ಲಾಗ್, ಡಿಫ್ ಇಷ್ಟು ಸಾಕು. ಇನಿಟ್ ಅಂದರೆ ದೀಪಾವಳಿ ಪಾಡ್ಯಕ್ಕೆ ಹೊಸ ಕಿರ್ದಿ ಪೂಜೆ ಮಾಡಿದ ಹಾಗೆ, ಒಂದೇ ಸಲ. ಲಾಗ್ ಅಂದರೆ ಪುಟ ತಿರುವುವುದು. ಡಿಫ್ ಅಂದರೆ ನಿನ್ನೆಗೂ ಇವತ್ತಿಗೂ ಏನು ಫರಕು ಅಂತ ನೋಡುವುದು. ಬ್ರಾಂಚ್, ರಿಬೇಸ್ ಎಲ್ಲ ಆಮೇಲೆ. ರಿಬೇಸ್ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವವರು ಇದ್ದಾರೆ. ಅವರಿಗೆ ಪುರುಸೊತ್ತು ಜಾಸ್ತಿ.

ಎರಡು ಕಡೆ ಮಾತ್ರ ಎಚ್ಚರ ಬೇಕು. ಕಮಿಟ್ ಆಗದ ಕೆಲಸ ಕಿರ್ದಿಗೆ ಏರದ ಚೀಟಿ ಇದ್ದ ಹಾಗೆ. ಎಲ್ಲವನ್ನೂ ಹಿಂದಿನ ಕಮಿಟ್‌ನ ಸ್ಥಿತಿಗೆ ಒಯ್ಯುವ ರಿಸೆಟ್ ಹಾರ್ಡ್ ಅಂತ ಹೊಡೆದರೆ ಅದು ಗಾಳಿಗೆ ಹಾರಿಹೋಗುತ್ತದೆ. ಕಮಿಟ್ ಆಗಿದ್ದರೆ ರಿಫ್‌ಲಾಗ್ ಅನ್ನುವ ಆಜ್ಞೆಯಿಂದ ಕೆಲ ದಿನಗಳವರೆಗೆ ಹುಡುಕಿ ತೆಗೆಯಬಹುದು. ಇನ್ನೊಂದು, ಪಾಸ್‌ವರ್ಡ್. ನಾನೊಮ್ಮೆ ಡೇಟಾಬೇಸಿನ ಪಾಸ್‌ವರ್ಡ್ ಇದ್ದ ಫೈಲನ್ನೇ ಕಮಿಟ್ ಮಾಡಿಬಿಟ್ಟೆ. ಮರುದಿನ ಆ ಫೈಲ್ ಅಳಿಸಿ ಇನ್ನೊಂದು ಕಮಿಟ್ ಮಾಡಿ ನೆಮ್ಮದಿಯಾಗಿದ್ದೆ. ಆದರೆ ಕಿರ್ದಿಯಲ್ಲಿ ಹೊಡೆದು ಹಾಕುವುದಿಲ್ಲ, ಅಲ್ವಾ? ಹಿಂದಿನ ಪುಟದಲ್ಲಿ ಪಾಸ್‌ವರ್ಡ್ ಹಾಗೇ ಕುಳಿತಿತ್ತು. ಇಂಥದ್ದಾದರೆ ಮೊದಲು ಪಾಸ್‌ವರ್ಡನ್ನೇ ಬದಲಿಸಿಬಿಡಿ. ಅಂಥ ಫೈಲುಗಳ ಹೆಸರನ್ನು ಗಿಟ್‌ಇಗ್ನೋರ್ ಅನ್ನುವ ಪಟ್ಟಿಗೆ ಮೊದಲೇ ಸೇರಿಸಿಟ್ಟರೆ ಈ ಫಜೀತಿಯೇ ಇಲ್ಲ.

ಮತ್ತೆ ಹಮಾಲಿಗೆ ಬರುತ್ತೇನೆ. ಅವತ್ತು ರಿವರ್ಟ್ ಮಾಡಿ, "ರಾತ್ರಿ ಹಮಾಲಿ ಒಂದೂವರೆ, ತಪ್ಪಿ ತೆಗೆದಿದ್ದೆ, ವಾಪಸ್ ಹಾಕಿದ್ದೇನೆ" ಅಂತ ಟಿಪ್ಪಣಿ ಬರೆದೆ. ಪುಶ್ ಮಾಡಿ ಬೆಳಗಾವಿಗೂ ಕಳಿಸಿದೆ. ಹಮಾಲರ ಬಾಕಿಯನ್ನು ಕಾಕಾ ಎಣಿಸಿ ಕೊಟ್ಟರು. ಆಮೇಲೆ ನನ್ನ ಟಿಪ್ಪಣಿ ಓದಿಸಿಕೊಂಡರು.

"ಯಾರ್ ಜೋಡಿ ಮಾತಾಗಿತ್ತು ಅಂತ ಬರದಿಲ್ಲಲ್ಲ?"

ಹೌದಲ್ಲ! ಆದರೆ ಕಳಿಸಿ ಆಗಿತ್ತು. ಬೇರೆಯವರ ಕೈ ಸೇರಿದ ನಮೂದನ್ನು ತಿದ್ದಿ ಬರೆಯಬಾರದು, ಅವರ ಪ್ರತಿ ತಾಳೆ ಆಗುವುದಿಲ್ಲ. ಆ ಸಾಲಿನ ಮೇಲೆ ಕೋಡಿನಲ್ಲೇ ಒಂದು ವಿವರಣೆ ಬರೆದು, ಹೊಸ ಕಮಿಟ್ ಮಾಡಿದೆ. ಟಿಪ್ಪಣಿಯನ್ನು ಕಾಕಾ ಹೇಳಿದರು, ನಾನು ಟೈಪ್ ಮಾಡಿದೆ. "ದೀಪ ಹಚ್ಚಿದ ಮೇಲೆ ತುಂಬಿದ ಮಾಲಿಗೆ ಹಮಾಲಿ ಒಂದೂವರೆ. ಹಮಾಲರ ಜೊತೆ ಮಾತಾದಂತೆ. ಹಳೇ ಕಿರ್ದಿ ನೋಡಿ ಬರೆದದ್ದು."

ಎಂಟರ್ ಒತ್ತುವ ಮೊದಲು ಅವರು ತಡೆದರು. ಸಹಿ ಎಲ್ಲಿ ಮಾಡೂದು ಅಂತ ಕೇಳಿದರು.

ನಮಸ್ಕಾರ.